ಕಣದ ಅಂಚಿನ ಇಲಿಯುಳ್ಳಿ

2016ರಲ್ಲಿ ನಾನು ತುಮಕೂರಿನ ಒಂದು ಖಾಸಗಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಹರ್ಬೇರಿಯಂ ಸಹಾಯಕಿಯಾಗಿದ್ದೆ. ಈಗಲೂ ಅದೇ ಕೆಲಸ, ಅದೇ ಕುರ್ಚಿ. ಹರ್ಬೇರಿಯಂ ಎಂದರೆ ಒಣಗಿಸಿದ ಗಿಡಗಳ ಭಂಡಾರ. ಗಿಡವನ್ನು ಹಳೇ ದಿನಪತ್ರಿಕೆಗಳ ನಡುವೆ ಇಟ್ಟು, ಮೇಲೆ ಕೆಳಗೆ ಹಲಗೆ ಬಿಗಿದು, ದಿನಾ ಕಾಗದ ಬದಲಿಸುತ್ತೇವೆ. ಪೂರಾ ಒಣಗಿದ ಮೇಲೆ ದಪ್ಪ ಹಾಳೆಗೆ ಅಂಟಿಸಿ, ಯಾರು, ಎಲ್ಲಿ, ಯಾವ ದಿನ ತಂದರು ಎಂಬ ಚೀಟಿ ಹಚ್ಚಿ ಬೀರುವಿಗೆ ಸೇರಿಸುತ್ತೇವೆ. ನಮ್ಮಲ್ಲಿ ಅಂಥ ಹದಿನಾಲ್ಕು ಬೀರುಗಳಿವೆ. ಅವಕ್ಕೆ ನುಸಿಗುಳಿಗೆ ಹಾಕುವುದು, ಹುಳ ಬಿದ್ದ ಹಾಳೆಯನ್ನು ಬೇರೆ ಮಾಡುವುದು, ಹರಿದ ಚೀಟಿಯನ್ನು ಮತ್ತೆ ಬರೆಯುವುದು ನನ್ನ ಕೆಲಸ. ಇದರ ಜೊತೆಗೆ ನನಗೊಂದು ಅಭ್ಯಾಸವಿದೆ. ಪ್ರತಿದಿನ ಸಂಜೆ ಮನೆಗೆ ಹೊರಡುವ ಮುಂಚೆ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯುತ್ತೇನೆ. ಮಳೆ ಬಂತು, ಕಾಂಪೌಂಡಿನ ಬೇವು ಹೂ ಬಿಟ್ಟಿತು, ಮೂರನೇ ಬೀರುವಿಗೆ ಗುಳಿಗೆ ಹಾಕಿದೆ, ಹೀಗೆ. ಯಾರೂ ಕೇಳಿದ್ದಲ್ಲ. ಆದರೆ ನಾನು ಮಾಡಿದ ಒಂದು ತಪ್ಪು ಕೊನೆಗೆ ಗೊತ್ತಾಗಿದ್ದು ಆ ನಾಲ್ಕು ಸಾಲುಗಳಿಂದಲೇ.

ಐದನೇ ಬೀರುವಿನಲ್ಲಿ ಒಂದು ಹಳೆಯ ಹಾಳೆ ಇತ್ತು. ಅಡಿಕೆಯಷ್ಟು ದಪ್ಪದ ಗೆಡ್ಡೆ, ಹುಲ್ಲಿನಂಥ ಮೂರು ಎಲೆ, ಗೇಣುದ್ದದ ಕಡ್ಡಿ, ಕಡ್ಡಿಯ ತುದಿಗೆ ಏಳೆಂಟು ಸಣ್ಣ ಹೂ. ಚೀಟಿಯಲ್ಲಿ ‘ಕೊತ್ತಗೆರೆ, ಬಂಡೆಯ ಪಕ್ಕ’ ಎಂದಷ್ಟೇ ಇತ್ತು. ಕೊತ್ತಗೆರೆ ಕುಣಿಗಲ್ ತಾಲ್ಲೂಕಿನ ಹೋಬಳಿ ಊರು. ನಮ್ಮ ವಿಭಾಗದ ಮುಖ್ಯಸ್ಥರು, ಎಲ್ಲರೂ ‘ಸರ್’ ಎನ್ನುತ್ತಿದ್ದವರು, ಆ ಹಾಳೆಯನ್ನು ವರ್ಷಕ್ಕೊಮ್ಮೆಯಾದರೂ ತೆಗೆಸಿ ನೋಡುತ್ತಿದ್ದರು. ಅವರ ಪ್ರಕಾರ ಈ ಗಿಡ ಗುಬ್ಬಿ ಮತ್ತು ಕುಣಿಗಲ್ ಸೀಮೆಯ ಕೆಲವೇ ಬಂಡೆಜಾಗಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. ಇಬ್ಬರೂ ಒಂದು ಸಲ ಕೊತ್ತಗೆರೆಗೆ ಹೋಗಿ ಇಡೀ ದಿನ ಹುಡುಕಿದೆವು. ಬಂಡೆ ಸಿಕ್ಕಿತು, ಅದರ ಪಕ್ಕ ಮೊಣಕಾಲೆತ್ತರದ ಹುಲ್ಲು ಸಿಕ್ಕಿತು, ಹೂ ಸಿಗಲಿಲ್ಲ. ವಾಪಸು ಬರುವಾಗ ಸರ್ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ನನ್ನ ತಂಗಿಯನ್ನು ಗುಬ್ಬಿ ತಾಲ್ಲೂಕಿನ ನಿಟ್ಟೂರಿಗೆ ಕೊಟ್ಟಿದೆ. ಆ ವರ್ಷ ಗೌರಿ ಹಬ್ಬಕ್ಕೆ ಅವಳಿಗೆ ಬಾಗಿನ ಕೊಡಲು ಹೋಗಿದ್ದೆ. ಊಟವಾದ ಮೇಲೆ ಅವಳ ತೋಟ ನೋಡಲೆಂದು ಸ್ಕೂಟರಿನಲ್ಲಿ ಮೂರು ಕಿಲೋಮೀಟರ್ ಒಳಗಿನ ಹಳ್ಳಿಗೆ ಹೋದೆವು. ಆ ಹಳ್ಳಿಯ ಹೆಸರು ಬರೆಯುವುದಿಲ್ಲ. ಅಪರೂಪದ ಗೆಡ್ಡೆ ಎಂದರೆ ಹುಡುಕಿಕೊಂಡು ಬಂದು ಕೀಳುವವರು ಇದ್ದಾರೆ. ದಾರಿಯಲ್ಲಿ ಗೋಮಾಳ, ಗೋಮಾಳದಲ್ಲಿ ಆನೆ ಮಲಗಿದಂಥ ಚಪ್ಪಟೆ ಬಂಡೆ. ಗಂಟೆ ಮೂರೂಕಾಲು. ಬಂಡೆಯ ಬುಡದ ಮಟ್ಟಸವಾದ ನೆಲದ ಸುತ್ತ ಸಣ್ಣ ಬಿಳಿ ಹೂಗಳು ಆಗತಾನೇ ಬಿರಿಯುತ್ತಿದ್ದವು. ಪ್ರತಿ ಎಸಳಿನ ಮಧ್ಯೆ ನೇರಳೆ ಗೀರು. ನಾನು ಸ್ಕೂಟರಿನಿಂದ ಇಳಿದವಳು ಅಲ್ಲೇ ಕುಳಿತೆ. ಆರು ಗಂಟೆಗೆ ಅವು ಮುಚ್ಚಿಕೊಳ್ಳುವವರೆಗೂ ಏಳಲಿಲ್ಲ. ತಂಗಿ ಹೋಗಿ ತೋಟ ನೋಡಿಕೊಂಡೇ ಬಂದಳು. ಎಣಿಸಿದೆ, ನೂರಾ ಎಂಬತ್ತಾರು ಗಿಡ. ಅಂದಿನ ಪುಟದಲ್ಲಿ ಒಂದು ಚಿತ್ರವನ್ನೂ ಬರೆದಿದ್ದೇನೆ. ಬರಿ ನೆಲದ ಒಂದು ದೊಡ್ಡ ಚಕ್ರ, ಅದರ ಸುತ್ತ ಎರಡು ಮಾರು ಅಗಲದ ಪಟ್ಟಿ, ಆ ಪಟ್ಟಿಯಲ್ಲಿ ಹೂ. ಹಗ್ಗ ಹಿಡಿದು ನೆಟ್ಟ ಹಾಗಿತ್ತು. ಚಿತ್ರ ಬರೆದೆನೇ ಹೊರತು ಅದು ಯಾಕೆ ಚಕ್ರವಾಗಿದೆ ಎಂದು ಯೋಚಿಸಲಿಲ್ಲ.

ಮರುದಿನವೇ ಸರ್ ಬಂದರು. ಮಂಡಿಯೂರಿ ಭೂತಗನ್ನಡಿ ಹಿಡಿದು ನೋಡಿದರು. ಅದೇ ಗಿಡ. ಅಂದು ಅವರಿಗೆ ಮಾತು ಬಹಳ ಬಂತು.

ಡಿಸೆಂಬರಿನಲ್ಲಿ ಗೆಡ್ಡೆಗಳು ನೆಲದೊಳಗೆ ಹೇಗಿವೆ ಎಂದು ನೋಡಲು ಒಬ್ಬಳೇ ಹೋದೆ. ಹೋಗಿ ನೋಡಿದರೆ ಜಾಗದ ತುಂಬ ಜನ. ಮೂರು ಮನೆಯವರು ಸೇರಿ ರಾಗಿ ಒಕ್ಕಣೆಗೆ ಕಣ ಮಾಡುತ್ತಿದ್ದರು. ಪಕ್ಕದಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಸನಿಕೆಯಿಂದ ಹುಲ್ಲನ್ನು ಬುಡಸಹಿತ ಕೆರೆದು ಹೊರಗೆಸೆದು, ನೀರು ಚಿಮುಕಿಸಿ, ನೆಲವನ್ನು ಬಡಿದು ಗಟ್ಟಿ ಮಾಡಿ, ಮೇಲೆ ಸೆಗಣಿಯ ಬಗ್ಗಡ ಸಾರಿಸುತ್ತಿದ್ದರು. ಹೂ ಬಿಟ್ಟಿದ್ದ ಜಾಗವೇ ಅದು. ಆತುರದಲ್ಲಿ ಮುಂದೆ ಹೆಜ್ಜೆ ಇಟ್ಟಾಗ ಬಗ್ಗಡದ ಮಂಕರಿ ಹಿಡಿದಿದ್ದ ಹೆಂಗಸೊಬ್ಬರು ತಡೆದರು.

“ಮೇಡಮ್ಮೋರೆ, ಮೆಟ್ಟು ಅಲ್ಲೇ ಬುಟ್ಟು ಬನ್ನಿ. ಕಣ ಇದು.”

ಅವರು ಹೊನ್ನಗಂಗಮ್ಮ. ಅರವತ್ತರ ಆಸುಪಾಸು. ಗಂಡ ಮೂಡಲಗಿರಿಯಪ್ಪ ಪಕ್ಕದಲ್ಲೇ ಸನಿಕೆ ಹಿಡಿದಿದ್ದರು. ನಾನು ಚಪ್ಪಲಿ ಬಿಟ್ಟು ಬಂದು, ಬಂದ ಕಾರಣ ಹೇಳಿ, ಹೂವಿನ ಫೋಟೊ ತೋರಿಸಿದೆ. ಅದು ಇಲಿಯುಳ್ಳಿ ಎಂದರು ಹೊನ್ನಗಂಗಮ್ಮ. ಗೆಡ್ಡೆ ಬಾಯಿಗಿಟ್ಟರೆ ಕಹಿ, ಹಸುವೂ ಮೂಸುವುದಿಲ್ಲ, ಇಲಿಗೇ ಸರಿ ಎಂದು ಹಿಂದಿನವರು ಆ ಹೆಸರಿಟ್ಟರಂತೆ. ಇಷ್ಟು ದೂರದಿಂದ ಅದನ್ನು ನೋಡಲು ಬಂದಿದ್ದೇನೆ ಎಂದು ಅವರಿಗೆ ನಂಬಿಕೆ ಬರಲಿಲ್ಲ. ಯಾವಾಗ ಹೂ ಬಿಡುತ್ತದೆ, ಎಷ್ಟು ವರ್ಷದಿಂದ ನೋಡಿದ್ದೀರಿ ಎಂದೆಲ್ಲ ಕೇಳಿ ಬರೆದುಕೊಂಡೆ. ರಾಗಿ ಮುದ್ದೆ, ಅವರೆಕಾಳು ಸಾರು ಊಟ ಹಾಕಿಸಿಯೇ ಕಳಿಸಿದರು.

ಅವರ ಊಟ ಉಂಡು ಬಂದು, ಮರುದಿನ ಕಾಲೇಜಿನಲ್ಲಿ ಕುಳಿತು ನಾನು ವರದಿ ಬರೆದೆ. ಅಪರೂಪದ ಗಿಡದ ಜಾಗದ ಬಗ್ಗೆ ನಾವು ತುಂಬುವ ಒಂದು ನಮೂನೆ ಇದೆ. ಜಾಗ, ಮಣ್ಣು, ಸಂಖ್ಯೆ, ಹೂ ಬಿಡುವ ಕಾಲ, ಕೊನೆಯಲ್ಲಿ ‘ಗಿಡದ ಮೇಲಿರುವ ಒತ್ತಡಗಳು’ ಎಂಬ ಕಾಲಂ. ಅಂದರೆ ಗಿಡಕ್ಕೆ ಯಾವುದರಿಂದ ಅಪಾಯ ಎನ್ನುವುದು. ಅಲ್ಲಿ ನನ್ನ ದುಂಡು ಅಕ್ಷರದಲ್ಲಿ ಬರೆದೆ: ‘ರಾಗಿ ಒಕ್ಕಣೆಗಾಗಿ ನೆಲ ಕೆರೆಯುವುದು, ಸೆಗಣಿ ಸಾರಿಸುವುದು, ಟ್ರ್ಯಾಕ್ಟರ್ ಓಡಾಟ.’ ಸರ್ ಅದನ್ನು ಲಗತ್ತಿಸಿ ಪಂಚಾಯ್ತಿಗೆ ಪತ್ರ ಬರೆದರು. ಪಂಚಾಯ್ತಿಯವರು ಒಳ್ಳೆಯ ಮನಸ್ಸಿನಿಂದ ಒಪ್ಪಿಕೊಂಡರು. 2017ರ ಜುಲೈಯಲ್ಲಿ ಗೋಮಾಳದ ಆ ಭಾಗಕ್ಕೆ ಚೌಕಾಕಾರದಲ್ಲಿ ಕಲ್ಲುಕಂಬ ನೆಟ್ಟು ತಂತಿಬೇಲಿ ಎಳೆಸಿದರು. ಕಬ್ಬಿಣದ ಗೇಟು, ಬೀಗ, ‘ಅಪರೂಪದ ಸಸ್ಯ, ಪ್ರವೇಶವಿಲ್ಲ’ ಎಂಬ ಬೋರ್ಡು. ಬೋರ್ಡಿನ ಕೆಳಗೆ ಸರ್ ಹೆಸರು.

ಆ ಸೆಪ್ಟೆಂಬರಿನಲ್ಲಿ ಇನ್ನೂರಾ ಮೂರು ಗಿಡ ಹೂ ಬಿಟ್ಟವು. ಸರ್ ನನ್ನನ್ನೂ ಬೋರ್ಡಿನ ಪಕ್ಕ ನಿಲ್ಲಿಸಿ ಫೋಟೊ ತೆಗೆಸಿದರು. ನಾವು ಗೆದ್ದೆವು ಎಂದುಕೊಂಡೆ.

ಡಿಸೆಂಬರ್ ಬಂದಾಗ ಆ ಮೂರು ಮನೆಯವರಿಗೆ ಕಣ ಇರಲಿಲ್ಲ. ಅವರೂ ಎಲ್ಲರ ಹಾಗೆ ತೆನೆಯನ್ನು ಟಾರು ರಸ್ತೆಯ ಮೇಲೆ ಹರಡಿದರು. ಓಡಾಡುವ ಬೈಕು, ಕಾರು, ಲಾರಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರುತ್ತದೆ. ಕೆಲಸ ಸಲೀಸು, ಆದರೆ ಕಾಳಿನ ಜೊತೆ ರಸ್ತೆಯ ಪುಡಿಗಲ್ಲೂ ಬರುತ್ತದೆ. ನಾನು ಹೋದಾಗ ಹೊನ್ನಗಂಗಮ್ಮ ರಸ್ತೆಬದಿಯಲ್ಲಿ ರಾಗಿ ಜರಡಿ ಹಿಡಿಯುತ್ತಿದ್ದರು.

“ಏನ್ ಮೇಡಮ್ಮೋರೆ, ನಿಮ್ಮ ಇಲಿಯುಳ್ಳಿ ಚೆನ್ನಾಗೈತಾ? ನಮ್ಮ ಮುದ್ದೇಲಿ ಮಾತ್ರ ಕಟಕಟ ಅಂತ ಕಲ್ಲು ಸಿಗ್ತೈತೆ.”

ಮೂಡಲಗಿರಿಯಪ್ಪ ತೆನೆ ತಿರುವುತ್ತಲೇ ಹೆಂಡತಿಗೆ ಹೇಳಿದರು. “ಸುಮ್ಕಿರಮ್ಮಿ. ಕಾವಲಿಗೆ ಪೊಲೀಸ್ನೋರ್ನ ಕೂರಿಸ್ಲಿಲ್ವಲ್ಲ, ಅದುಕ್ಕೇ ಖುಷಿ ಪಡು.”

ಆ ದಿನ ಊಟಕ್ಕೆ ಯಾರೂ ಕರೆಯಲಿಲ್ಲ.

2018ರ ಸೆಪ್ಟೆಂಬರಿನಲ್ಲಿ ತೊಂಬತ್ತನಾಲ್ಕು. ಮಳೆ ಸರಿಯಾದ ಹೊತ್ತಿಗೆ ಬೀಳಲಿಲ್ಲ ಎಂದರು ಸರ್. ನನಗೂ ಹಾಗೇ ಅನಿಸಿತು. 2019ರಲ್ಲಿ ನಲವತ್ತು. ಮಳೆ ಚೆನ್ನಾಗಿತ್ತು. ಗೆಡ್ಡೆ ಗಿಡಗಳು ಒಂದೊಂದು ವರ್ಷ ಹೂ ಬಿಡದೆ ಸುಮ್ಮನಿರುವುದುಂಟು, ಕಾದು ನೋಡೋಣ ಎಂದರು. ಅದೂ ಸುಳ್ಳಲ್ಲ. ಬೇಲಿಯೊಳಗೆ ಹುಲ್ಲು ಸೊಂಟಕ್ಕೆ ಬಂದಿತ್ತು. ಹುಲ್ಲು ನೋಡಿ ನಾನು ಖುಷಿಯನ್ನೇ ಪಟ್ಟಿದ್ದೆ ಎಂದು ಆ ದಿನದ ಸಾಲಿನಲ್ಲಿದೆ: ‘ಜಾಗ ಚೇತರಿಸಿಕೊಳ್ಳುತ್ತಿದೆ.’ 2020ರ ಪುಟ ಖಾಲಿ. ಕಾಲೇಜು ಮುಚ್ಚಿತ್ತು, ನಾವೆಲ್ಲ ಮನೆಯಲ್ಲಿದ್ದೆವು.

2021ರಲ್ಲಿ ಮತ್ತೆ ಗೌರಿ ಹಬ್ಬದ ಮಾರನೇ ದಿನ ಹೋದೆ. ಬೀಗ ತುಕ್ಕು ಹಿಡಿದಿತ್ತು, ಎಣ್ಣೆ ಹಾಕಿ ತೆಗೆದೆ. ಹುಲ್ಲನ್ನು ಎರಡೂ ಕೈಯಲ್ಲಿ ಸರಿಸುತ್ತಾ ಮೂರರಿಂದ ಐದರವರೆಗೆ ಹುಡುಕಿದೆ. ಆರು ಗಿಡ ಸಿಕ್ಕವು. ತಿರುಗಿ ಎಣಿಸಿದರೂ ಆರೇ. ಇಷ್ಟು ವರ್ಷ ಸತ್ತ ಗಿಡಗಳನ್ನು ಹುಳ ತಿನ್ನದ ಹಾಗೆ ಕಾಪಾಡಿದವಳು ನಾನು. ಬದುಕಿದ್ದದ್ದು ನನ್ನ ಕಣ್ಣ ಮುಂದೆಯೇ, ನಾನೇ ಹಾಕಿಸಿದ ಬೀಗದೊಳಗೆ ಮುಗಿದು ಹೋಗುತ್ತಿತ್ತು.

ಗೇಟು ಮುಚ್ಚಿ ಬಂಡೆಯ ಆ ಕಡೆಗೆ ಹೋದರೆ ಹೊನ್ನಗಂಗಮ್ಮ ಹುರುಳಿ ಒಣಹಾಕಿದ್ದರು. ಬೇಲಿ ಚೌಕ, ಹಳೆಯ ಕಣ ದುಂಡಗೆ. ಹಾಗಾಗಿ ಪಡುವಣ ದಿಕ್ಕಿನಲ್ಲಿ ಕಣದ ಒಂದು ಹೋಳು ತಂತಿಯ ಹೊರಗೆ ಉಳಿದುಬಿಟ್ಟಿತ್ತು. ಎರಡು ಚಾಪೆ ಹಾಸುವಷ್ಟು ಜಾಗ. ಅದನ್ನು ಅವರು ಬಿಟ್ಟಿರಲಿಲ್ಲ. ಪ್ರತಿವರ್ಷ ಕೆರೆದು, ಸಾರಿಸಿ, ಹುರುಳಿ, ಹುಣಸೆಹಣ್ಣು ಒಣಗಿಸಿಕೊಳ್ಳುತ್ತಿದ್ದರು. ಆ ಹೋಳಿನ ಅಂಚಿನಲ್ಲಿ ಇಲಿಯುಳ್ಳಿ ಹೂ ಬಿಟ್ಟಿತ್ತು. ಇಪ್ಪತ್ಮೂರು ಗಿಡ.

ನಾನು ಎಣಿಸುವುದನ್ನು ಅವರು ನೋಡುತ್ತಾ ಕುಳಿತಿದ್ದರು. ಒಳಗೆ ಎಷ್ಟಿವೆ ಎಂದು ಕೇಳಿದರು. ಹೇಳಿದೆ.

“ಹುಲ್ಲು ಎದ್ ಮೇಲೆ ಅದೆಲ್ಲಿ ಬತ್ತೈತೆ ಬುಡಿ. ವರ್ಷವರ್ಷ ಕೆರೀತಿದ್ವಿ, ಅದರ ಪಾಡಿಗೆ ಅದು ಬತ್ತಿತ್ತು.”

“ಮೊದಲೇ ಯಾಕಮ್ಮ ಹೇಳ್ಲಿಲ್ಲ?”

“ನೀವು ಹೂವ ಯಾವಾಗ ಬುಡ್ತೈತೆ ಅಂತ ಕೇಳುದ್ರಿ, ಹೇಳ್ದೆ. ಕಣದ್ ಸಮಾಚಾರ ಕೇಳ್ಲಿಲ್ವಲ್ಲ. ಬೀಗ ಹಾಕ್ದೋರಿಗೆ ಗೊತ್ತಿರ್ತೈತೆ ಅಂದ್ಕಂಡೆ.”

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಆ ವಾರವೇ ರಜೆ ಹಾಕಿ ಮತ್ತೆ ಕೊತ್ತಗೆರೆಗೆ ಹೋದೆ. ಹಾಲಿನ ಡೈರಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು, ಆ ಬಂಡೆಯ ಪಕ್ಕ ಮುಂಚೆ ಏನಿತ್ತು ಎಂದು ಕೇಳಿದೆ. ಹಿಂದಿನ ಸಲ ನಾವು ಇಡೀ ದಿನ ಅಲ್ಲೇ ಓಡಾಡಿದ್ದರೂ ಯಾರನ್ನೂ ಕೇಳದಿದ್ದ ಪ್ರಶ್ನೆ ಅದು.

“ನಮ್ಮಪ್ಪನ ಕಾಲ್ದಲ್ಲಿ ನಾಕ್ ಮನೆ ಕಣ ಇತ್ತು ಕಣವ್ವ ಅಲ್ಲಿ,” ಎಂದರು. “ಟಾರ್ ರೋಡು ಬಂತು. ಆಮೇಲೆ ಕಣ ಯಾರಿಗ್ ಬೇಕು?”

ಕಾಲೇಜಿಗೆ ಬಂದು ಹಳೆಯ ಪುಸ್ತಕಗಳನ್ನೆಲ್ಲ ತೆಗೆದೆ. 2016ರ ಚಿತ್ರವನ್ನು ತೆರೆದಿಟ್ಟು ನೋಡಿದಾಗ ಚಕ್ರ ಯಾಕೆ ಎಂದು ಈಗ ತಿಳಿಯಿತು. ಮಧ್ಯದಲ್ಲಿ ಬಡಿದು ಸಾರಿಸಿದ ಗಟ್ಟಿ ನೆಲ, ಅಲ್ಲಿ ಏನೂ ಹುಟ್ಟುವುದಿಲ್ಲ. ಅದರ ಸುತ್ತ ಕೆರೆದು, ಗುಡಿಸಿ, ಸಾರಿಸದೆ ಬಿಟ್ಟ ಅಂಚು. ಅಕ್ಟೋಬರಿನಲ್ಲಿ ಬೀಜ ಉದುರುತ್ತದೆ, ಗೆಡ್ಡೆ ನಾಲ್ಕು ಬೆರಳು ಕೆಳಗೆ ಗರಸು ಮಣ್ಣಿನಲ್ಲಿ ನಿದ್ದೆ ಹೋಗುತ್ತದೆ. ಡಿಸೆಂಬರಿನ ಸನಿಕೆ ಮೇಲಿನ ಹುಲ್ಲನ್ನಷ್ಟೇ ತೆಗೆಯುತ್ತದೆ, ಗೆಡ್ಡೆಯವರೆಗೆ ಹೋಗುವುದಿಲ್ಲ. ಗುಡಿಸಿದ ಬೀಜ ಅಂಚಿಗೆ ಬಂದು ಬೀಳುತ್ತದೆ. ಜೂನಿನ ಮಳೆಗೆ ಆ ಬರಿನೆಲದಲ್ಲಿ ಪೈಪೋಟಿಯಿಲ್ಲದೆ ಮೊಳೆಯುತ್ತದೆ. ಇದು ನನ್ನ ಊಹೆ. ವಿಜ್ಞಾನದವರು ಕೇಳುವ ಪುರಾವೆ ನನ್ನಲ್ಲಿರಲಿಲ್ಲ. ಇದ್ದದ್ದು ಐದು ಎಣಿಕೆ ಮತ್ತು ಎರಡು ಊರಿನವರ ಮಾತು.

ಅದನ್ನೇ ಸರ್ ಮುಂದಿಟ್ಟೆ. ಅವರಿಗೆ ನಿವೃತ್ತಿಗೆ ಆರು ತಿಂಗಳಿತ್ತು. ಪುಟ ತಿರುವಿದರು, ಕನ್ನಡಕ ತೆಗೆದು ಒರೆಸಿದರು, ಇನ್ನೊಂದು ವರ್ಷ ನೋಡೋಣವೇ ಎಂದರು. ಒಳಗೆ ಆರೇ ಇವೆ ಸರ್, ಇನ್ನೊಂದು ವರ್ಷಕ್ಕೆ ಎಣಿಸಲು ಏನೂ ಇರುವುದಿಲ್ಲ ಎಂದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು.

“ಆ ಬೋರ್ಡಿನಲ್ಲಿ ನನ್ನ ಹೆಸರಿದೆ ಶಾರದಮ್ಮ,” ಎಂದರು.

“ಒತ್ತಡದ ಕಾಲಂನಲ್ಲಿ ನನ್ನ ಅಕ್ಷರ ಇದೆ ಸರ್.”

ಆಮೇಲೆ ಅವರೇ ಒಂದು ಬಿಳಿ ಹಾಳೆ ಎಳೆದುಕೊಂಡು, ನಮ್ಮ ಹಿಂದಿನ ಅಭಿಪ್ರಾಯ ತಪ್ಪಾಗಿತ್ತು ಎಂದು ಪಂಚಾಯ್ತಿಗೆ ಪತ್ರ ಬರೆದರು. ‘ನಮ್ಮ’ ಎಂದು ಬರೆದಿದ್ದನ್ನು ಹೊಡೆದು ‘ನನ್ನ’ ಎಂದು ತಿದ್ದಿದರು. ನಾನು ಅದನ್ನು ಟೈಪ್ ಮಾಡುವಾಗ ಮತ್ತೆ ‘ನಮ್ಮ’ ಎಂದೇ ಹಾಕಿದೆ. ಅವರು ನೋಡಿ ಸಹಿ ಮಾಡಿದರು.

ಬೇಲಿಯನ್ನು ಕೀಳಲು ಪಂಚಾಯ್ತಿಗೂ ಸುಲಭವಿರಲಿಲ್ಲ. ಗೇಟಿನ ಬೀಗದ ಕೈಯನ್ನು ಆ ಮೂರು ಮನೆಯವರಿಗೆ ಕೊಡಬಹುದು ಎಂದು ಒಪ್ಪಿದರು. ಬೀಗದ ಕೈ ಹಿಡಿದುಕೊಂಡು ಹೊನ್ನಗಂಗಮ್ಮನವರ ಮನೆಗೆ ಹೋದೆ. ಇಷ್ಟಕ್ಕೆ ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ. ಅವರು ಅದನ್ನು ಮುಟ್ಟಲೂ ಇಲ್ಲ. ಆ ವರ್ಷ ಊರಿಗೆ ಒಕ್ಕಣೆ ಮಿಷನ್ ಬಂದಿತ್ತು. ಹೊಲದಲ್ಲೇ ಒಕ್ಕಿ, ತೂರಿ, ಚೀಲ ತುಂಬಿಕೊಡುತ್ತದೆ. ರಸ್ತೆಯೂ ಬೇಡ, ಕಣವೂ ಬೇಡ.

“ರಾಗಿ ಇದ್ರೆ ಕಣ ಮಾಡ್ತಾರೆ ಮೇಡಮ್ಮೋರೆ. ಇಲಿಯುಳ್ಳಿಗೋಸ್ಕರ ಯಾರಾದ್ರೂ ಕಣ ಮಾಡ್ತಾರಾ? ಊರೋರು ನಗ್ತಾರೆ.”

ಅವರ ಮಾತು ನ್ಯಾಯವಾಗಿತ್ತು. ಬೇಕಿದ್ದಾಗ ಕಿತ್ತುಕೊಂಡು, ಬೇಡವಾದಾಗ ತಂದುಕೊಟ್ಟಂತಾಗಿತ್ತು. ಕೂಲಿ ಕೊಟ್ಟು ಯಾರಿಂದಲಾದರೂ ಕೆರೆಸಬಹುದಿತ್ತು. ಆದರೆ ಎಷ್ಟು ಆಳ ಕೆರೆಯಬೇಕು, ಎಲ್ಲಿ ಬಡಿಯಬೇಕು, ಎಲ್ಲಿ ಬಿಡಬೇಕು ಎನ್ನುವುದು ಇವರ ಕೈಗೆ ಗೊತ್ತು, ನನ್ನ ನಮೂನೆಗೆ ಗೊತ್ತಿಲ್ಲ. ಬೀಗದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯ ಮೇಲೇ ಕುಳಿತೆ. ಬೇರೆ ಏನೂ ತೋಚಲಿಲ್ಲ. ಹೊನ್ನಗಂಗಮ್ಮ ಒಳಗೆ ಹೋದರು, ಬಂದರು, ಕಾಫಿ ಕೊಟ್ಟರು, ಅವರೆಕಾಯಿ ಬಿಡಿಸಲು ಕುಳಿತರು. ನಾನೂ ಒಂದು ಬೊಗಸೆ ತೆಗೆದುಕೊಂಡು ಬಿಡಿಸಿದೆ. ಮಾತಿಗೆ ಮಾತು ಬಂದು, ಮುಂದಿನ ವರ್ಷದ ಬಿತ್ತನೆ ರಾಗಿಯನ್ನೂ ಮಿಷನ್ನಿಗೇ ಹಾಕುತ್ತೀರಾ ಎಂದು ಕೇಳಿದೆ. ಅದೊಂದು ಸುಮ್ಮನೆ ಕೇಳಿದ ಪ್ರಶ್ನೆ.

ಅವರ ಕೈ ನಿಂತಿತು. ಮಿಷನ್ನಿನಿಂದ ಬಂದ ಕಾಳು ನುಗ್ಗಾಗಿರುತ್ತದೆ, ಹೋದ ವರ್ಷ ರಸ್ತೆಯ ರಾಗಿ ಬಿತ್ತಿ ಮೊಳಕೆ ಸರಿಯಾಗಿ ಬರಲಿಲ್ಲ ಎಂದರು. ಬಿತ್ತನೆ ರಾಗಿಯನ್ನು ಕಣದಲ್ಲೇ ಕೋಲಿನಿಂದ ಬಡಿದು ಒಕ್ಕಬೇಕು, ಅತ್ತೆ ಹಾಗೇ ಮಾಡುತ್ತಿದ್ದರು. ಹೊರಗೆ ಎಮ್ಮೆ ಕಟ್ಟುತ್ತಿದ್ದ ಮೂಡಲಗಿರಿಯಪ್ಪ ಅಲ್ಲಿಂದಲೇ, ಅಂಗಡಿ ಬೀಜ ತಂದರಾಯಿತು ಎಂದರು. ಅದಕ್ಕೆ ಹೆಂಡತಿಯ ಉತ್ತರ ಬಂದದ್ದು ನನ್ನ ಕಡೆ ತಿರುಗಿ.

“ಬಿತ್ತನೆ ರಾಗಿಗೆ ಅಂತ ಕಣ ಮಾಡ್ತೀನಿ. ಆದ್ರೆ ನೀವೇ ಬಂದು ಬಗ್ಗಡ ಹಾಕ್ಬೇಕು. ನಾನೊಬ್ಳೇ ಬಗ್ಗಕಾಗಲ್ಲ.”

ಡಿಸೆಂಬರಿನ ಎರಡನೇ ಶನಿವಾರ ಹೋದೆ. ಗೇಟಿನ ಹೊರಗೆ ಚಪ್ಪಲಿ ಬಿಟ್ಟೆ. ಮೂಡಲಗಿರಿಯಪ್ಪ ಕೆರೆದರು, ನಾನು ಹುಲ್ಲು ಹೊತ್ತು ಹಾಕಿದೆ. ಆಮೇಲೆ ಸೀರೆ ಎತ್ತಿಕಟ್ಟಿ, ಮಂಕರಿ ಹಿಡಿದು, ಬರಿಗೈಯಲ್ಲಿ ಸಾರಿಸಿದೆ. ಅಂಚಿಗೆ ಬಂದಾಗೆಲ್ಲ ಹೊನ್ನಗಂಗಮ್ಮ, ಅಷ್ಟೇ, ಅಲ್ಲಿಗೆ ನಿಲ್ಲಿಸಿ ಎನ್ನುತ್ತಿದ್ದರು. ಅಪಾಯ ಎಂದು ನಾನು ಬರೆದಿದ್ದ ಮೂರರಲ್ಲಿ ಎರಡಕ್ಕೆ ಆ ದಿನ ನಾನೇ ಕೈಜೋಡಿಸಿದೆ. ಸಂಜೆಗೆ ಸೊಂಟ ಹಿಡಿದುಕೊಂಡಿತ್ತು. ಊಟಕ್ಕೆ ಕರೆದರು.

2022ರ ಸೆಪ್ಟೆಂಬರಿನಲ್ಲಿ ಒಳಗೆ ಹೊರಗೆ ಸೇರಿ ಮೂವತ್ತೆಂಟು. 2023ರಲ್ಲಿ ಐವತ್ತೆರಡು. 2024ರಲ್ಲಿ ಎಪ್ಪತ್ತೇಳು. ನೂರಾ ಎಂಬತ್ತಾರಕ್ಕೆ ಇನ್ನೂ ದೂರವಿದೆ, ಮುಟ್ಟುತ್ತದೋ ಇಲ್ಲವೋ ಹೇಳಲಾರೆ. ನಿವೃತ್ತರಾದ ಮೇಲೂ ಸರ್ ಪ್ರತಿ ಸೆಪ್ಟೆಂಬರಿನಲ್ಲಿ ಫೋನ್ ಮಾಡಿ ‘ಎಷ್ಟು?’ ಎಂದಷ್ಟೇ ಕೇಳುತ್ತಾರೆ. ಬೋರ್ಡಿನಲ್ಲಿದ್ದ ‘ಪ್ರವೇಶವಿಲ್ಲ’ ಎಂಬುದಕ್ಕೆ ಬಣ್ಣ ಬಳಿಸಿ, ‘ಚಪ್ಪಲಿ ಬಿಟ್ಟು ಬನ್ನಿ’ ಎಂದು ಬರೆಸಿದ್ದೇವೆ.

ನಮೂನೆ ಈಗಲೂ ಅದೇ. ಒತ್ತಡಗಳ ಕಾಲಂ ಬಂದಾಗ ನಾನು ಕೂಡಲೇ ತುಂಬುವುದಿಲ್ಲ. ಆ ನೆಲದಲ್ಲಿ ಯಾರ ಕೈ ಓಡಾಡುತ್ತದೆ, ಯಾವ ತಿಂಗಳು, ಯಾವ ಕೆಲಸಕ್ಕೆ ಎಂದು ಹೋಗಿ ಕೇಳಿ ಬಂದ ಮೇಲೆ ಬರೆಯುತ್ತೇನೆ. ಕೆಲವು ಸಲ ಖಾಲಿಯೇ ಬಿಡುತ್ತೇನೆ. ಹೂವನ್ನು ಗುರುತಿಸುವುದು ಬೀರುವಿನ ಹಾಳೆ ನೋಡಿ ಕಲಿಯಬಹುದು. ಅದು ಯಾರ ಜೊತೆ ಬದುಕುತ್ತಿದೆ ಎಂಬುದು ಯಾವ ಹಾಳೆಯಲ್ಲೂ ಇರುವುದಿಲ್ಲ. ನನಗೆ ಇದು ತಿಳಿಯಲು ನೂರೈವತ್ತಕ್ಕೂ ಹೆಚ್ಚು ಗಿಡಗಳು ಹೋಗಬೇಕಾಯಿತು.

ಹೋದ ವರ್ಷ ನವೆಂಬರಿನ ಕೊನೆಯಲ್ಲಿ ಹೊನ್ನಗಂಗಮ್ಮನವರ ಫೋನ್ ಬಂತು. ತೆನೆ ಕೊಯ್ದಾಯಿತು, ಬುಧವಾರ ಬನ್ನಿ ಎಂದರು. ರಜೆ ಅರ್ಜಿಯಲ್ಲಿ ಕಾರಣ ಎಂಬಲ್ಲಿ ‘ಕಣ ಸಾರಿಸಲು’ ಎಂದು ಬರೆದುಕೊಟ್ಟೆ. ಆಫೀಸಿನ ಹೊಸ ಗುಮಾಸ್ತರು ಎರಡು ಸಲ ಓದಿ, ಇದು ಸ್ವಂತ ಕೆಲಸವೋ ಕಾಲೇಜಿನ ಕೆಲಸವೋ ಎಂದು ಕೇಳಿದರು. ಯಾವುದಾದರೂ ಹಾಕಿಕೊಳ್ಳಿ, ಬುಧವಾರ ಮಾತ್ರ ನಾನು ಇರುವುದಿಲ್ಲ ಎಂದೆ.